ಅಂಜಿಕೆ ಎಂಬ ಬಾಕಿ

ನಿಘಂಟು ತೆಗೆದರೆ ‘ಅಂಜಿಕೆ’ಗೆ ಭಯ, ಹೆದರಿಕೆ, ಅಳುಕು ಎಂಬ ಅರ್ಥ ಸಿಗುತ್ತದೆ. ‘ಅಂಜು’ ಅಚ್ಚ ದ್ರಾವಿಡ ಧಾತು. ತಮಿಳು, ಮಲಯಾಳಗಳಲ್ಲೂ ಉಂಟು. ‘ಇಕೆ’ ಹತ್ತಿ ನಾಮಪದವಾಯಿತು. ಪಂಡಿತರ ಕೆಲಸ ಇಲ್ಲಿಗೆ ಮುಗೀತು. ನಮ್ಮ ಕೇರಿಗೆ ಮುಗಿಯೋದಿಲ್ಲ.

ಚಿಕ್ಕವನಿದ್ದಾಗ ಒಮ್ಮೆ ಚಪ್ಪಲಿ ಮೆಟ್ಟಿಕೊಂಡು ಊರೊಳಗೆ ಹೋಗಿದ್ದೆ. ಕಟ್ಟೆಯ ಮೇಲೆ ಕೂತವರೊಬ್ಬರು ‘ಯಾಕಲೇ, ಅಂಜಿಕಿ ಇಲ್ಲೇನು ನಿನಗ?’ ಅಂದರು. ಅವರು ಕೇಳಿದ್ದು ನನ್ನ ಎದೆಯ ಸ್ಥಿತಿಯನ್ನಲ್ಲ. ನಾನು ಊರಿಗೆ ಸಲ್ಲಿಸಬೇಕಾಗಿದ್ದ ಬಾಕಿಯನ್ನ. ‘ಭಯಭಕ್ತಿ’ ಎಂಬ ಜೋಡುಪದವೂ ಹೀಗೇ. ಗುಡಿಯೊಳಗೆ ಇರಬೇಕಾದ ಮಾತು ಗೌಡರ ಅಂಗಳದಲ್ಲಿ ಗೇಣಿಯ ಹಾಗೆ ವಸೂಲಾಗುತ್ತಿತ್ತು. ಗುಡಿಯೊಳಗಂತೂ ನಮ್ಮನ್ನು ಬಿಡುತ್ತಿರಲಿಲ್ಲ, ಆ ಮಾತು ಬೇರೆ.

ಸಂಸ್ಕೃತದ ‘ಆತಂಕ’ದ ದಾರಿ ಇನ್ನೊಂದು. ಸಂಸ್ಕೃತದಲ್ಲಿ ಅದಕ್ಕೆ ರೋಗ, ನೋವು ಎಂಬ ಅರ್ಥವೂ ಇದೆ. ಹಿಂದಿಯ ‘ಆತಂಕವಾದ’ ಎಂದರೆ ಭಯೋತ್ಪಾದನೆ. ಅಲ್ಲಿ ಹುಟ್ಟಿಸುವವನು ಕಣ್ಣಿಗೆ ಬೀಳುತ್ತಾನೆ. ಕನ್ನಡದಲ್ಲಿ ಅದು ಒಳಗಿನ ಕಳವಳವಾಗಿ ಕೂತಿತು. ನವ್ಯರಿಗೆ ಈ ಒಂಟಿ ಮನಸ್ಸಿನ ತಳಮಳ ಬಲು ಪ್ರಿಯವಾಗಿತ್ತು. ಸುಳ್ಳು ತಳಮಳ ಅನ್ನೋದಿಲ್ಲ. ಆದರೆ 1917ರ ಬರೋಡದಲ್ಲಿ ಅಂಬೇಡ್ಕರ್ ಪಟ್ಟದ್ದನ್ನು ಯಾವ ಹೆಸರಿನಿಂದ ಕರೆಯೋಣ? ಕೊಲಂಬಿಯಾದಲ್ಲಿ ಓದಿ, ಮಹಾರಾಜರ ಕೆಲಸಕ್ಕೆ ಬಂದವರು. ಇರಲು ಮನೆಯಿಲ್ಲದೆ ಪಾರ್ಸಿ ಹೆಸರು ಹೇಳಿ ಪಾರ್ಸಿ ತಂಗುದಾಣದಲ್ಲಿ ಅಡಗಿದ್ದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂತು, ಸಂಜೆಯೊಳಗೆ ಖಾಲಿ ಮಾಡು ಎಂದಿತು. ಗೆಳೆಯರೂ ನೆಪ ಹೇಳಿದರು. ರಾತ್ರಿಯ ಮುಂಬಯಿ ರೈಲಿನವರೆಗೆ ಅವರು ಸಾರ್ವಜನಿಕ ತೋಟದಲ್ಲಿ ಕೂತರು. ‘ವೀಸಾಕ್ಕಾಗಿ ಕಾಯುತ್ತಾ’ ಬರಹದಲ್ಲಿ ಇದನ್ನೆಲ್ಲ ಅವರೇ ಹೇಳಿದ್ದಾರೆ. ಇದು ಅಸ್ತಿತ್ವದ ಆತಂಕವಲ್ಲ. ದೊಣ್ಣೆಗೆ ಕೈ ಇತ್ತು, ಕೈಗೆ ಜಾತಿ ಇತ್ತು.

‘ಅಂಜಿಕೆ’ ಎಂಬ ನಾಮಪದದ ಮೋಸ ಇಲ್ಲಿದೆ. ಅಂಜಿದವನೊಬ್ಬನೇ ಕಾಣುತ್ತಾನೆ, ಅವನ ಸ್ವಭಾವವೇ ಪುಕ್ಕಲು ಎಂಬಂತೆ ಕೇಳಿಸುತ್ತದೆ. ವ್ಯಾಕರಣದಲ್ಲಿ ‘ಅಂಜು’ವಿನ ಪಕ್ಕದಲ್ಲೇ ‘ಅಂಜಿಸು’ ಇದೆ. ದಲಿತ ವಿಮರ್ಶೆ ಕೈಗೆತ್ತಿಕೊಳ್ಳಬೇಕಾದ್ದು ಈ ಪ್ರೇರಣಾರ್ಥಕವನ್ನು. 1989ರ ದೌರ್ಜನ್ಯ ತಡೆ ಕಾಯ್ದೆ ಮಾಡಿದ್ದೂ ಅದನ್ನೇ: ಅವಮಾನಿಸಬೇಕೆಂದು ಜನರ ಕಣ್ಣೆದುರು ಪರಿಶಿಷ್ಟರನ್ನು ಬೆದರಿಸುವುದನ್ನು ಅಪರಾಧ ಎಂದಿತು. ನಿಘಂಟಿಗಿಂತ ಕಾನೂನಿಗೇ ವ್ಯಾಕರಣ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ.

ಅವತ್ತು ನಾನು ಚಪ್ಪಲಿ ಕೈಗೆ ತಗೊಂಡು ಮನೆಗೆ ಬಂದೆ. ಅವ್ವ ಬೈದದ್ದು ನನಗೇ.