ನೊರೆಗಿಂತ ಮೊದಲು ಗಂಧ

ಮುಳಬಾಗಿಲಿನ ಒಂದು ಸಣ್ಣ ಸೆಲೂನು. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಎರಡು ಬಗೆಯ ನೀರು. ಕೂದಲು ತೋಯಿಸುವ ಸ್ಪ್ರೇ ಬಾಟಲಿಯಲ್ಲಿ ಬೋರ್‌ವೆಲ್ ನೀರು. ಬ್ರಷ್ ಅದ್ದುವ ಬಟ್ಟಲಿಗೆ ಮಾತ್ರ ಫಿಲ್ಟರ್ ನೀರು, ಶುದ್ಧ ನೀರಿನ ಘಟಕದಲ್ಲಿ ಐದರ ನಾಣ್ಯ ಹಾಕಿ ಕ್ಯಾನಿಗೆ ಹಿಡಿದು ತಂದದ್ದು. ಯಾಕಪ್ಪಾ ಇಷ್ಟು ಮಡಿ ಎಂದು ಕೇಳಿದೆ. "ಬೋರ್ ನೀರಲ್ಲಿ ತಿರುವಿದ್ರೆ ಹಾಲು ಒಡೆದಂಗಾಗ್ತದೆ ಸಾರ್, ನೊರೆ ನಿಲ್ಲಲ್ಲ" ಎಂದ ಸೆಲೂನಿನವನು.

ಕೋಲಾರದ ಕಡೆಯ ಗಡ್ಡದ ಸೋಪಿನ ಕತೆಯನ್ನು ಈ ಬಟ್ಟಲಿನಿಂದ ಶುರು ಮಾಡುವುದೇ ಸರಿ. ಆದರೆ ನಮ್ಮಲ್ಲಿ ಸೋಪಿನ ಮಾತೆತ್ತಿದವರೆಲ್ಲ ಗಂಧದಿಂದ ಶುರು ಮಾಡುತ್ತಾರೆ. ಅವರ ತಪ್ಪೇನೂ ಇಲ್ಲ. ಮೈಸೂರು ಸೀಮೆಗೆ ಸೋಪು ಬಂದದ್ದೇ ಪರಿಮಳದ ಬಾಗಿಲಿನಿಂದ. ಗಡ್ಡಕ್ಕೆ ಬೇಕಾದ ಕ್ರಮ ಮಾತ್ರ ಅದಕ್ಕೆ ತಲೆಕೆಳಗು: ಮೊದಲು ನೀರು, ಆಮೇಲೆ ಕೊಬ್ಬು, ಎಲ್ಲಕ್ಕೂ ಕೊನೆಗೆ ಪರಿಮಳ.

ಸೋಪಿಗೆ ಮುಂಚೆ ನೀರೇ ಗತಿಯಾಗಿತ್ತು. ಕ್ಷೌರಿಕರು ಹಡಪ ಹಿಡಿದು ಬರುವರು. ಅರಳಿಕಟ್ಟೆಯ ಮೇಲೋ ಮನೆಯ ಜಗಲಿಯಲ್ಲೋ ಕೂರಿಸುವರು. ಗಿಂಡಿ ನೀರು, ಕತ್ತಿ, ಸಾಣೆಕಲ್ಲು, ಕತ್ತಿ ಉಜ್ಜುವ ಚರ್ಮದ ಪಟ್ಟಿ, ಗೀರು ಬಿದ್ದರೆ ಪಟಿಕ. ಕೂಲಿ ಸುಗ್ಗಿಯ ಹೊತ್ತಿಗೆ ರಾಗಿಯ ರೂಪದಲ್ಲಿ, ಆಯವಾಗಿ. ಗಡ್ಡವನ್ನು ನೀರಿನಲ್ಲಿ ನೆನೆಸಿ, ಬೆರಳಿನಿಂದ ನೀವಿ ನೀವಿ ಮೆದು ಮಾಡಿದ ಮೇಲೇ ಕತ್ತಿ ಮುಟ್ಟುತ್ತಿದ್ದದ್ದು. ಇದನ್ನು ಹಳೆಯ ಕಾಲದ ಒರಟುತನ ಎಂದುಕೊಂಡರೆ ತಪ್ಪು. ಕೂದಲನ್ನು ಮೆದು ಮಾಡುವುದು ಇವತ್ತಿಗೂ ನೀರೇ. ಸೋಪಿನ ಕೆಲಸ ಆ ನೀರನ್ನು ಕೆನ್ನೆಯ ಮೇಲೆ ಆರದಂತೆ ಹಿಡಿದಿಡುವುದು, ಕತ್ತಿ ಜಾರುವಂತೆ ಮಾಡುವುದು, ಅಷ್ಟೇ.

ಸೋಪಿನ ಸಾಮಾನು ಇಲ್ಲಿ ಇರಲಿಲ್ಲವೆಂದಲ್ಲ. ತಲೆಗೆ ಸೀಗೆ, ಅಂಟುವಾಳ. ಬಟ್ಟೆಗೆ ಚೌಳು ಮಣ್ಣು, ಬೂದಿ ತಿಳಿ. ಬೂದಿ ತಿಳಿ ಎಂದರೆ ಪೊಟ್ಯಾಷೇ. ದೀಪಕ್ಕೆ ಹೊಂಗೆಣ್ಣೆ ಇತ್ತು, ರಾಗಿ ಹೊಲದ ಅಂಚಿನ ಸಾಲಿನಲ್ಲಿ ಹರಳು ಇತ್ತು. ಕ್ಷಾರವೂ ಹಿತ್ತಲಲ್ಲಿ, ಕೊಬ್ಬೂ ಹಿತ್ತಲಲ್ಲಿ. ಎರಡನ್ನೂ ಒಂದೇ ಬಾಣಲೆಗೆ ಹಾಕಿ ಕುದಿಸುವ ಯೋಚನೆ ಮಾತ್ರ ನಮ್ಮ ಹಳ್ಳಿಗಳಿಗೆ ಹೊಳೆದಂತೆ ಕಾಣೆ.

ಪರಿಮಳದ ವಿಷಯ ಹಾಗಲ್ಲ. ಅದರಲ್ಲಿ ಕನ್ನಡಕ್ಕೆ ಸಾವಿರ ವರ್ಷದ ಓದಿದೆ. 1025ರ ಸುಮಾರಿಗೆ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಸುಗಂಧ ಕೂಡಿಸುವುದಕ್ಕೇ ಒಂದು ಭಾಗವಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದ ಅರಸು ಮೂರನೆಯ ಸೋಮೇಶ್ವರ, ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಸ್ನಾನವನ್ನೂ ಲೇಪನವನ್ನೂ ರಾಜಭೋಗಗಳ ಸಾಲಿಗೆ ಸೇರಿಸಿ ವಿವರವಾಗಿ ಬರೆದ. ಹೀಗೆ ಮೂಗಿನ ವಿದ್ಯೆ ಬಲಿತಿದ್ದ ನಾಡಿಗೆ ಸೋಪು ಬಂದಾಗ ಅದು ಮೂಗಿನ ಹತ್ತಿರವೇ ಹೋಗಿ ನಿಂತಿತು.

ಬಂದದ್ದು ಯುದ್ಧದ ದೆಸೆಯಿಂದ. ಮೈಸೂರಿನ ಗಂಧದ ಮರ ಹಡಗು ಹತ್ತಿ ಯೂರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ಅಲ್ಲಿ ಇಳಿಯುತ್ತಿತ್ತು. ಮೊದಲ ಮಹಾಯುದ್ಧ ಆ ದಾರಿ ಮುಚ್ಚಿತು. ಮರ ಕೊಳ್ಳುವವರಿಲ್ಲದೆ ಉಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಇಲ್ಲೇ ಎಣ್ಣೆ ಬಟ್ಟಿ ಇಳಿಸಲು 1916ರಲ್ಲಿ ಕೈಹಾಕಿತು. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದ್ದರೂ, 2007ರಲ್ಲಿ ಜಿಲ್ಲೆ ಒಡೆಯುವವರೆಗೆ ಅದು ಕೋಲಾರದ್ದೇ. ಎಣ್ಣೆ ಬಂತು, ಅದನ್ನು ಏನು ಮಾಡುವುದು? ಎಸ್. ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳಿಸಿ ಸೋಪು, ಸುಗಂಧಗಳ ವಿದ್ಯೆ ಕಲಿಸಿ ತರಿಸಿದರು. ಜನ ಅವರಿಗೆ ಸೋಪ್ ಶಾಸ್ತ್ರಿ ಎಂದೇ ಹೆಸರಿಟ್ಟರು. 1918ರ ಹೊತ್ತಿಗೆ ಮೈಸೂರು ಸ್ಯಾಂಡಲ್ ಸೋಪು ಮಾರುಕಟ್ಟೆಯಲ್ಲಿತ್ತು: ಅಂಡಾಕಾರದ ಬಿಲ್ಲೆ, ಒಡವೆಯ ಪೆಟ್ಟಿಗೆಯಂಥ ಡಬ್ಬ, ಶರಭದ ಗುರುತು. ಕಾರ್ಖಾನೆ 1957ರಲ್ಲಿ ರಾಜಾಜಿನಗರಕ್ಕೆ ಹೋಯಿತು, 1980ರಲ್ಲಿ ಕಂಪನಿಯಾಯಿತು, 2006ರಲ್ಲಿ ಸೋಪಿಗೆ ಭೌಗೋಳಿಕ ಗುರುತು ಸಿಕ್ಕಿತು. ಗಂಧ ಮೊದಲು ಕೈಯಲ್ಲಿತ್ತು, ಅದನ್ನು ಹೊರುವುದಕ್ಕೆ ಸೋಪು ಬೇಕಾಯಿತು. ಇದು ಸ್ನಾನದ ಸೋಪಿಗೆ ಬಹಳ ಚೆನ್ನಾಗಿ ಒಗ್ಗಿತು.

ಗಡ್ಡದ ಸೋಪು ಬೇರೆಯದೇ ಜಾತಿ. ಸ್ನಾನದ ಸೋಪಿಗೆ ಕ್ಷಾರವೆಂದರೆ ಬಹುಪಾಲು ಕಾಸ್ಟಿಕ್ ಸೋಡಾ. ಬಿಲ್ಲೆ ಗಟ್ಟಿಯಾಗಿ ನಿಲ್ಲುತ್ತದೆ. ಗಡ್ಡದ ಸೋಪಿಗೆ ಅದರ ಜೊತೆ ಕಾಸ್ಟಿಕ್ ಪೊಟ್ಯಾಷ್ ಬೇಕು. ಪೊಟ್ಯಾಷ್ ಸೋಪು ಮೆತ್ತಗೆ, ನೀರಿಗೆ ಬೇಗ ಕರಗುತ್ತದೆ, ಬ್ರಷ್ಷಿಗೆ ತಕ್ಷಣ ಹತ್ತುತ್ತದೆ. ಕೊಬ್ಬಿನಲ್ಲಿ ಸ್ಟಿಯರಿಕ್ ಆಮ್ಲ ಹೆಚ್ಚಿರಬೇಕು. ಕೊಬ್ಬರಿ ಎಣ್ಣೆಯ ನೊರೆ ಭರ್ರನೆ ಎದ್ದು ಭರ್ರನೆ ಇಳಿಯುತ್ತದೆ. ಸ್ಟಿಯರಿಕ್ಕಿನ ನೊರೆ ತಡವಾಗಿ ಏಳುತ್ತದೆ, ಗಟ್ಟಿ ಮೊಸರಿನ ಕೆನೆಯ ಹಾಗೆ ಸಣ್ಣ ಗುಳ್ಳೆ, ಹತ್ತು ನಿಮಿಷ ಕೂತಲ್ಲೇ ಕೂರುತ್ತದೆ. ಕೊಬ್ಬುಗಳ ಒಳಗೆ ಇಂಥ ಆಮ್ಲಗಳಿವೆ ಎಂಬುದನ್ನು ಫ್ರಾನ್ಸಿನ ಶೆವ್ರಲ್ 1823ರ ಪುಸ್ತಕದಲ್ಲಿ ಬಿಡಿಸಿಟ್ಟ. 1840ರಲ್ಲಿ ಅಮೆರಿಕದ ಜೇಮ್ಸ್ ವಿಲಿಯಮ್ಸ್ ಗಡ್ಡಕ್ಕೆಂದೇ ಸೋಪು ಮಾಡಿ ಮಾರತೊಡಗಿದ. 1903ರಲ್ಲಿ ಜಿಲೆಟ್ ಬ್ಲೇಡು ಮಾರುಕಟ್ಟೆಗೆ ಬಂದ ಮೇಲೆ ಗಡ್ಡ ಮನೆಯಲ್ಲೇ ಕೆರೆದುಕೊಳ್ಳುವ ಕೆಲಸವಾಯಿತು, ಮನೆಗೊಂದು ಸೋಪೂ ಬೇಕಾಯಿತು. ನಮ್ಮ ಕಡೆಯ ಅಂಗಡಿಗಳಿಗೆ ಗೋದ್ರೆಜ್‌ನ ದುಂಡು ಬಿಲ್ಲೆ ಬಂದದ್ದು ಈ ಅಲೆಯಲ್ಲೇ.

ಎಲ್ಲರೂ ಅದನ್ನು ಕೊಳ್ಳುತ್ತಿರಲಿಲ್ಲ. ಮಾಲೂರು ತಾಲ್ಲೂಕಿನ ನಮ್ಮ ತಾತನ ಮನೆಯ ಬಚ್ಚಲ ಗೂಡಿನಲ್ಲಿ ಒಂದು ತಗಡಿನ ಡಬ್ಬಿ ಇತ್ತು. ಸವೆದ ಸ್ಯಾಂಡಲ್ ಸೋಪಿನ ಚೂರುಗಳೆಲ್ಲ ಅದಕ್ಕೆ. ಡಬ್ಬಿ ತುಂಬಿದಾಗ ಎರಡು ಚಮಚ ನೀರು ಹಾಕಿ ಹಂಡೆಯ ಒಲೆಯ ಬದಿಗಿಟ್ಟರೆ ಎಲ್ಲ ಕರಗಿ ಒಂದಾಗುತ್ತಿತ್ತು. ಆರಿದ ಮೇಲೆ ಅದೇ ಗಡ್ಡದ ಸೋಪು. ಮನೆಯಲ್ಲಿ ಮಾಡಿದ ಗಡ್ಡದ ಸೋಪು ಎಂದರೆ ನಾನು ಮೊದಲು ಕಂಡದ್ದು ಇದನ್ನೇ. ಪರಿಮಳ ಭರ್ಜರಿ. ನೊರೆ ಮಾತ್ರ ಬಲಗೆನ್ನೆ ಮುಗಿಸಿ ಎಡಕ್ಕೆ ಬರುವಷ್ಟರಲ್ಲಿ ಒಣಗಿ ಬಿಳಿಯ ಪೊರೆ. ತಾತ ಪ್ರತಿದಿನ ಕೆನ್ನೆ ಕೊಯ್ದುಕೊಳ್ಳುತ್ತಿದ್ದರು, ಪ್ರತಿದಿನ ಬ್ಲೇಡಿಗೆ ಬೈಯುತ್ತಿದ್ದರು.

ಇನ್ನೊಂದು ದಾರಿ ಹೊಂಗೆಯದು. ಮಾಸ್ತಿ ವೆಂಕಟೇಶ ಅಯ್ಯಂಗಾರರು 1891ರಲ್ಲಿ ಹುಟ್ಟಿದ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯ ಹೆಸರಿನಲ್ಲೇ ನನ್ನ ಕಿವಿಗೆ ಹೊಂಗೆ ಕೇಳಿಸುತ್ತದೆ. ಈ ಸೀಮೆಯ ಬದುಗಳಲ್ಲಿ ಅದಿಲ್ಲದ ಕಡೆಯೇ ಇಲ್ಲ. ತಿನ್ನಲಾಗದ ಎಣ್ಣೆಗಳಿಂದ ಸೋಪು ಮಾಡಿಸುವುದನ್ನು 1957ರಲ್ಲಿ ಶುರುವಾದ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ತನ್ನ ಕಾರ್ಯಕ್ರಮವಾಗಿ ಮಾಡಿಕೊಂಡಿತು. ಹೊಂಗೆ, ಬೇವು, ಹಿಪ್ಪೆ ಹೀಗೆ ಬಟ್ಟೆ ಸೋಪಿನ ಪಾತ್ರೆಗೆ ಬಿದ್ದವು. ಮುಖಕ್ಕೆ ಹೊಂಗೆ ಒಗ್ಗದು: ಬಣ್ಣ ಕಂದು, ಸೋಪು ಮೆತ್ತಗೆ, ವಾಸನೆ ಎಂಥ ಗಂಧ ಹಾಕಿದರೂ ಅಡಗದು. ಈ ಶತಮಾನದ ಆರಂಭದ ಹೊತ್ತಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆಣ್ಣೆಯಿಂದ ಎಂಜಿನ್ ಓಡಿಸಿ ನೀರೆತ್ತಿಸಿದರು. ಹೊಂಗೆಗೆ ಅದೇ ಮರ್ಯಾದೆಯ ಕೆಲಸ. ಹಿಪ್ಪೆಯ ಮಾತು ಬೇರೆ. ಅದು ಅರೆಗಟ್ಟಿ, ಅದರಲ್ಲಿ ಸ್ಟಿಯರಿಕ್ಕೂ ಸಾಕಷ್ಟಿದೆ. ಗಡ್ಡದ ಸೋಪಿಗೆ ಅದನ್ನು ಯಾರೂ ಯಾಕೆ ಒಲಿಸಿಕೊಳ್ಳಲಿಲ್ಲ ಎಂಬುದು ನನ್ನ ಹಳೆಯ ದೂರು.

ಆಮೇಲಿನ ಕತೆ ಎಲ್ಲ ಕಡೆಯಂತೆ. ಕ್ರೀಮಿನ ಟ್ಯೂಬು ಬಂತು, ಫೋಮಿನ ಡಬ್ಬ ಬಂತು. ಏಡ್ಸ್ ಭಯದಿಂದ ಸೆಲೂನುಗಳಲ್ಲಿ ಕತ್ತಿ ಹೋಗಿ ಅರ್ಧ ಬ್ಲೇಡು ಬಂತು. ಕೊನೆಗೆ ಹುಡುಗರು ಗಡ್ಡವನ್ನೇ ಬಿಟ್ಟರು.

ಮನೆಯಲ್ಲೇ ಸೋಪು ಮಾಡಿಕೊಳ್ಳುವ ಹವ್ಯಾಸ ಮತ್ತೆ ಚಿಗುರಿದ ಈ ಹದಿನೈದಿಪ್ಪತ್ತು ವರ್ಷಗಳಲ್ಲಿ ಕೊಬ್ಬಿನ ಪ್ರಶ್ನೆ ಮೊದಲ ಸಲ ಮುಂದೆ ಬಂದಿದೆ. ಪರದೇಶದವರು ದನದ ಕೊಬ್ಬು ಹಾಕುತ್ತಾರೆ. ನಮ್ಮಲ್ಲಿ ಅನೇಕರಿಗೆ ಅದು ಆಗದು. ಮಲೆನಾಡಿನವರಿಗೆ ಮುರುಗಲ ತುಪ್ಪವಿದೆ, ಅರ್ಧಕ್ಕಿಂತ ಹೆಚ್ಚು ಸ್ಟಿಯರಿಕ್. ಅವರು ಅದನ್ನು ಹಿಮ್ಮಡಿ ಒಡಕಿಗೆ ಹಚ್ಚಿ ಸುಮ್ಮನಿದ್ದಾರೆ. ನಮಗೆ ಶ್ರೀನಿವಾಸಪುರದ ಮಾವಿದೆ. ಮಾವಿನ ಓಟೆಯೊಳಗಿನ ತಿರುಳಿನ ಕೊಬ್ಬಿನಲ್ಲಿ ಸುಮಾರು ಶೇ. 40 ಸ್ಟಿಯರಿಕ್. ಚಾಕೊಲೇಟಿಗೆ ಕೋಕೋ ಬೆಣ್ಣೆಯ ಜೊತೆ ಸೇರಿಸಲು ಯೂರೋಪು ಒಪ್ಪಿರುವ ಆರು ಸಸ್ಯಕೊಬ್ಬುಗಳಲ್ಲಿ ಅದೂ ಒಂದು. ತೊಡಕು ಇಷ್ಟೇ: ಒಣ ತಿರುಳಿನಲ್ಲಿ ಕೊಬ್ಬು ಶೇ. 10ರ ಆಸುಪಾಸು. ಕಡಲೇಕಾಯಿಯ ಹಾಗೆ ಅರ್ಧಕ್ಕರ್ಧ ಅಲ್ಲ. ಗಾಣಕ್ಕೆ ಹಾಕಿದರೆ ಹಿಟ್ಟು ಬಿಸಿಯಾಗುತ್ತದೆ, ಎಣ್ಣೆ ಇಳಿಯದು. ದ್ರಾವಕ ಹಾಕಿ ತೆಗೆಯುವ ಕಾರ್ಖಾನೆಯೇ ಬೇಕು. ತೋತಾಪುರಿ ಲಾರಿ ಹತ್ತಿ ಚಿತ್ತೂರಿನ ಹಣ್ಣಿನ ತಿರುಳಿನ ಕಾರ್ಖಾನೆಗಳಿಗೆ ಹೋಗುತ್ತದೆ, ಓಟೆಯೂ ಅದರ ಜೊತೆಗೇ. ನಾನು ಮಾವಿನ ಬೆಣ್ಣೆಯನ್ನು ಬೆಂಗಳೂರಿನಿಂದ ಕೊಂಡು ಶ್ರೀನಿವಾಸಪುರಕ್ಕೆ ತರುತ್ತೇನೆ. ನಗುವವರು ನಗಲಿ.

ನನ್ನ ಪಾಕ ಇದು. ಮೇಣದಬತ್ತಿ ಮಾಡುವವರು ಕೊಳ್ಳುವ ಸ್ಟಿಯರಿಕ್ ಆಸಿಡ್ 100 ಗ್ರಾಂ, ಮಾವಿನ ಬೆಣ್ಣೆ 40, ಕೊಬ್ಬರಿ ಎಣ್ಣೆ 40, ಹರಳೆಣ್ಣೆ 20. ಇದಕ್ಕೆ ಶೇ. 90 ಶುದ್ಧಿಯ ಕಾಸ್ಟಿಕ್ ಪೊಟ್ಯಾಷ್ 26 ಗ್ರಾಂ, ಕಾಸ್ಟಿಕ್ ಸೋಡಾ 11 ಗ್ರಾಂ, ನೀರು 100 ಗ್ರಾಂ. ಇಷ್ಟು ಹಾಕಿದರೆ ನೂರಕ್ಕೆ ಐದಾರು ಪಾಲು ಕೊಬ್ಬು ಸೋಪಾಗದೆ ಉಳಿದು ಚರ್ಮಕ್ಕೆ ಹಿತವಾಗಿರುತ್ತದೆ. ಕ್ಷಾರವನ್ನು ನೀರಿಗೆ ಹಾಕಬೇಕು, ನೀರನ್ನು ಕ್ಷಾರಕ್ಕಲ್ಲ. ಸ್ಟೀಲ್ ಪಾತ್ರೆಯೇ ಆಗಬೇಕು, ಅಲ್ಯೂಮಿನಿಯಂ ಕೂಡದು. ಕೈಗೆ ಗವಸು, ಕಣ್ಣಿಗೆ ಕನ್ನಡಕ. ಸ್ಟಿಯರಿಕ್ ಕರಗುವುದೇ 69 ಡಿಗ್ರಿಯ ಹತ್ತಿರ, ಆದ್ದರಿಂದ ಪಾತ್ರೆ 80ರ ಆಸುಪಾಸಿನಲ್ಲಿರಬೇಕು. ಕ್ಷಾರದ ನೀರು ಬಿದ್ದ ಕ್ಷಣ ಕರಗಿದ ಕೊಬ್ಬು ಗಟ್ಟಿಯಾಗಿ ಕೂರುತ್ತದೆ. ಇಲ್ಲಿ ಪುಸ್ತಕ ಓದಿದವರು ಗಾಬರಿಯಾಗುತ್ತಾರೆ, ಕೋಲಾರದವರು ಆಗುವುದಿಲ್ಲ. ಇದು ಹಿಟ್ಟು ತೊಳಸುವ ಕೆಲಸವೇ. ಕೋಲು ಬಿಗಿಯಾಗಿ ಹಿಡಿದು, ಪಾತ್ರೆಯನ್ನು ಕಾಲಿಂದ ಒತ್ತಿ, ಗಂಟು ಒಡೆಯುತ್ತಾ ತೊಳಸಿದರೆ ಅರ್ಧ ಗಂಟೆಯಲ್ಲಿ ಹೊಳಪು ಬಂದು ಮುದ್ದೆಯ ಹಾಗೆ ಅಂಚು ಬಿಡುತ್ತದೆ. ಆಗ ಒಂದು ಚೂರನ್ನು ನಾಲಿಗೆ ತುದಿಗೆ ತಾಗಿಸಬೇಕು. ಚುರ್ ಎಂದರೆ ಇನ್ನೂ ಕ್ಷಾರ ಉಳಿದಿದೆ, ಬೇಯಲಿ.

ಇನ್ನು ನೀರು. ಕೋಲಾರದ ನೀರೆಂದರೆ ಎಲ್ಲರೂ ಫ್ಲೋರೈಡ್ ಎನ್ನುತ್ತಾರೆ. ಹಲ್ಲಿಗೂ ಮೂಳೆಗೂ ಅದು ಶತ್ರು, ಆದರೆ ನೊರೆಗೂ ಅದಕ್ಕೂ ನಂಟಿಲ್ಲ. ನೊರೆ ತಿನ್ನುವುದು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ. ಅವು ಸೋಪನ್ನು ಹಿಡಿದು ಕರಗದ ಬಿಳಿ ಗಸಿಯಾಗಿಸುತ್ತವೆ. ಸೆಲೂನಿನವನು ಹೇಳಿದ ಒಡೆದ ಹಾಲು ಅದೇ. ತಾತನ ಮನೆಯ ಸೇದುವ ಬಾವಿ ಬತ್ತಿ, ಸಾವಿರ ಅಡಿ ದಾಟಿದ ಕೊಳವೆ ಬಾವಿಗೆ ಬಂದ ಮೇಲೆ ಅದೇ ಡಬ್ಬಿಯ ಸೋಪು ಮೊದಲಿನಷ್ಟೂ ನೊರೆ ಕೊಡಲಿಲ್ಲ. 2018ರಿಂದ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬಂದು ಕೆರೆ ತುಂಬುತ್ತಿದೆ. ಅದರ ಜಗಳ ಬೇರೆ. ಸೋಪಿನ ಮಟ್ಟಿಗೆ ಪರಿಹಾರ ಅಡುಗೆಮನೆಯದು. ಮೇಲಿನ ಪಾಕಕ್ಕೆ ಸಿಟ್ರಿಕ್ ಆಸಿಡ್ 4 ಗ್ರಾಂ, ಅದು ನುಂಗುವ ಕ್ಷಾರಕ್ಕೆ ಬದಲಾಗಿ ಪೊಟ್ಯಾಷ್ ಇನ್ನೊಂದು 4 ಗ್ರಾಂ. ಕ್ಯಾಲ್ಸಿಯಂ ಮೊದಲು ಸಿಟ್ರೇಟಿನ ಕೈಗೆ ಸಿಗುತ್ತದೆ, ಸೋಪು ತಪ್ಪಿಸಿಕೊಳ್ಳುತ್ತದೆ. ಪೂರ್ತಿ ಅಲ್ಲದಿದ್ದರೂ ಎಡಗೆನ್ನೆ ಮುಗಿಯುವವರೆಗಂತೂ.

ಪರಿಮಳಕ್ಕೆ ಕೊನೆಯಲ್ಲಿ ಬಂದೆ. ಮಾಲೂರಿನ ಗುಲಾಬಿ ಹಾಕೋಣವೆಂದು ಯಾರಿಗಾದರೂ ಆಸೆಯಾಗುತ್ತದೆ, ನನಗೂ ಆಯಿತು. ಎಸಳನ್ನು ಕೊಬ್ಬರಿ ಎಣ್ಣೆಯಲ್ಲಿ ವಾರಗಟ್ಟಲೆ ನೆನೆಸಿ ಸೋಪು ಮಾಡಿದೆ. ಕಂದು ಬಣ್ಣ ಬಂತು, ಗುಲಾಬಿ ಬರಲಿಲ್ಲ. ಅದು ಮಾರುಕಟ್ಟೆಯ ಹೂವು, ಅತ್ತರಿನ ಹೂವಲ್ಲ. ನೀಲಗಿರಿಯದೂ ಇದೇ ಪಾಡು: ನಂದಿ ಬೆಟ್ಟದಿಂದ ಹಬ್ಬಿದ ಮೈಸೂರು ತಳಿ ಕಂಬಕ್ಕೂ ಕಾಗದಕ್ಕೂ ಸರಿ, ಎಲೆಯಲ್ಲಿ ಎಣ್ಣೆ ಕಡಿಮೆ. ಅಂತರ್ಜಲ ಹೀರಿತೆಂದು ರೈತರ ಸಿಟ್ಟಿಗೆ ಗುರಿಯಾದ ಆ ಮರವನ್ನು ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಲ್ಲಿಸಿತು. ನಿಂಬೆ, ಕಿತ್ತಳೆಯ ಎಣ್ಣೆಗಳು ತಿಂಗಳಲ್ಲಿ ಹಾರುತ್ತವೆ. ಲವಂಗ ಪಾಕವನ್ನು ತಟ್ಟನೆ ಗಟ್ಟಿ ಮಾಡುತ್ತದೆ, ಕೆನ್ನೆಯನ್ನು ಸುಡುತ್ತದೆ. ನಿಲ್ಲುವುದು ಲಾವಂಚ; ಮಣ್ಣಿಗೆ ಮೊದಲ ಮಳೆ ಬಿದ್ದ ವಾಸನೆ. ಅದರ ಮೇಲೆ ದವನದೆಣ್ಣೆ ಎರಡೇ ಹನಿ, ಮೂರನೆಯದು ಬಿದ್ದರೆ ಜಾತ್ರೆ. ಎಲ್ಲ ಸೇರಿ ಮೂರು ಗ್ರಾಂ ಮೀರಬಾರದು, ಇದು ಹಸಿ ಗೀರುಗಳ ಮೇಲೆ ಬೀಳುವ ವಸ್ತು. ಬೆಂದ ಪಾಕ ಸ್ವಲ್ಪ ಆರಿದ ಮೇಲೆ ಬೆರೆಸಿದರೆ ಕಡಿಮೆ ಹಾರುತ್ತದೆ. ಗಂಧದೆಣ್ಣೆ ಎಲ್ಲಕ್ಕಿಂತ ಚೆನ್ನಾಗಿ ನಿಲ್ಲುತ್ತದೆ, ಆದರೆ ಅಪ್ಪಟದ್ದು ಗ್ರಾಂ ಲೆಕ್ಕದಲ್ಲಿ ಕೊಳ್ಳುವ ಎಣ್ಣೆ. 2001ರಲ್ಲಿ ಕಾನೂನು ಬದಲಾಗಿ ಗಂಧದ ಮರ ಬೆಳೆದವನದೇ ಆದ ಮೇಲೆ ಈ ಕಡೆಯ ತೋಟಗಳಲ್ಲೂ ಗಿಡ ಎದ್ದಿವೆ, ಬೇಲಿ, ಕ್ಯಾಮೆರಾಗಳ ಕಾವಲಿನಲ್ಲಿ.

ಮನೆಗೆ ಮಾಡಿಕೊಂಡರೆ ಕೇಳುವವರಿಲ್ಲ. ಮಾರಬೇಕೆಂದರೆ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಪರವಾನಗಿ ಬೇಕು. ಹಾಗಾಗಿ ನನ್ನದು ಹಂಚುವ ಸೋಪು. ಹೋದ ಸಲ ಮಾಡಿದ್ದರಲ್ಲಿ ಒಂದು ಡಬ್ಬಿಯನ್ನು ಮುಳಬಾಗಿಲಿನ ಅದೇ ಸೆಲೂನಿಗೆ ಕೊಟ್ಟೆ. ಬೇಕೆಂದೇ ಬೋರ್ ನೀರಿನಲ್ಲಿ ತಿರುವಲು ಹೇಳಿದೆ. ನೊರೆ ಎದ್ದಿತು, ಕೆನೆಗಟ್ಟಿತು, ಎರಡೂ ಕೆನ್ನೆ ಮುಗಿಯುವವರೆಗೆ ಕದಲಲಿಲ್ಲ. ಅವನು ಬ್ರಷ್ಷನ್ನು ಮೂಗಿನ ಹತ್ತಿರ ಹಿಡಿದು ಎರಡು ಸಲ ಮೂಸಿದ.

"ಚೆನ್ನಾಗೈತೆ ಸಾರ್" ಎಂದ. "ಆದ್ರೆ ಗಂಧ ಹಾಕಿಲ್ವಾ?"