ವಿಮಾನ ತಪಾಸಣೆ ಕಲಿಸುವವರು: ಒಂದು ಶತಮಾನದ ನಡೆ, ಕಲಬುರಗಿಯ ಪಾಲು

ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದು ಹೊರಟರೆ ಶ್ರೀನಿವಾಸ ಸರಡಗಿಯ ಬಳಿ ಮೂರು ಕಿಲೋಮೀಟರಿಗೂ ಮಿಕ್ಕಿದ ರನ್‌ವೇ ಸಿಗುತ್ತದೆ. 2019ರ ನವೆಂಬರ್ 22ರಂದು ಈ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಪೈಲಟ್ ತರಬೇತಿ ಶಾಲೆಗಳಿಗೆ ಜಾಗ ಕೊಡಲು ಆರಿಸಿದ ನಿಲ್ದಾಣಗಳ ಪಟ್ಟಿಯಲ್ಲಿ ಬೆಳಗಾವಿಯ ಜೊತೆಗೆ ಕಲಬುರಗಿಯ ಹೆಸರೂ ಬಂತು. ಇನ್ನೊಂದು ದಿಕ್ಕಿಗೆ, ಹುಮನಾಬಾದ್ ರಸ್ತೆಯಲ್ಲಿ ಕೆಂಪು ಬಾಳೆಯ ಕಮಲಾಪುರ ದಾಟಿ ಮುಂದೆ ಹೋದರೆ ಬೀದರ್; ಅಲ್ಲಿ ವಾಯುಪಡೆಯ ಹಾಕ್ ತರಬೇತಿ ಜೆಟ್‌ಗಳ ನೆಲೆಯಿದೆ. ಹೀಗೆ ಕಮಲಾಪುರದ ಹೊಲಗಳು ಹಾರುವುದನ್ನು ಕಲಿಸುವ ಎರಡು ನೆಲೆಗಳ ನಡುವೆ ಬೀಳುತ್ತವೆ. ಹಾರಲು ಕಲಿಯುವವರ ಬಗ್ಗೆ ನಮ್ಮ ಪತ್ರಿಕೆಗಳು ಆಗಾಗ ಬರೆಯುತ್ತವೆ. ಆ ವಿಮಾನ, ಆ ಶಾಲೆ, ಆ ರನ್‌ವೇ ನೆಟ್ಟಗಿದೆಯೇ ಎಂದು ನೋಡುವ ತಪಾಸಣಾಧಿಕಾರಿಯ ಹೆಸರು ಬರುವುದು ಅಪಘಾತವಾದ ಮರುದಿನ. ಆ ತಪಾಸಣಾಧಿಕಾರಿಗೆ ನೋಡುವುದನ್ನು ಕಲಿಸಿದ ಬೋಧಕ ಆಗಲೂ ಯಾರಿಗೂ ನೆನಪಾಗುವುದಿಲ್ಲ. ಈ ಬೋಧನೆ ನೂರು ವರ್ಷಗಳಲ್ಲಿ ವಿಸ್ತಾರವಾಗಿ ಬೆಳೆದಿದೆ, ಆದರೆ ಬೆಳೆದಂತೆಲ್ಲ ವಿಮಾನದಿಂದ ದೂರ ಸರಿದಿದೆ. ಅದನ್ನು ಮತ್ತೆ ವಿಮಾನದ ಪಕ್ಕಕ್ಕೆ ತರಬೇಕಾದರೆ ಕಲಬುರಗಿಯಂಥ ಸಣ್ಣ ನಿಲ್ದಾಣಗಳೇ ತಕ್ಕ ಜಾಗ ಎಂಬುದು ಈ ಲೇಖನದ ವಾದ.

ಆರಂಭದಲ್ಲಿ ಈ ವಿದ್ಯೆ ಪೂರ್ತಿ ಕೈಕೆಲಸದ್ದಾಗಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ವಿಮಾನ ತಪಾಸಣೆಗೆಂದೇ ಸರ್ಕಾರಿ ಇಲಾಖೆ ಹುಟ್ಟಿತು. ಮರದ ಚೌಕಟ್ಟು, ಬಟ್ಟೆಯ ಹೊದಿಕೆ, ತಂತಿಯ ಬಿಗಿತ ಇವನ್ನು ಮುಟ್ಟಿ, ತಟ್ಟಿ ನೋಡುವುದೇ ತಪಾಸಣೆ. ಕಲಿಯುವವನು ಹಿರಿಯನ ಬೆನ್ನಿಗೆ ನಿಂತು ಕಲಿಯುತ್ತಿದ್ದ. ಅಮೆರಿಕ 1926ರಲ್ಲಿ ವಿಮಾನಗಳಿಗೂ ಪೈಲಟ್‌ಗಳಿಗೂ ಸರ್ಕಾರಿ ಪರವಾನಗಿ ಬೇಕೆಂದು ಕಾನೂನು ಮಾಡಿತು. ಭಾರತದಲ್ಲಿ 1934ರ ವಿಮಾನ ಕಾಯ್ದೆ ಮತ್ತು 1937ರ ವಿಮಾನ ನಿಯಮಗಳು ತಪಾಸಣೆಗೆ ಕಾನೂನಿನ ಬಲ ಕೊಟ್ಟವು. ಆ ಕಾಯ್ದೆ ತೊಂಬತ್ತು ವರ್ಷ ನಡೆದು, 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮಕ್ಕೆ ಜಾಗ ಬಿಟ್ಟಿತು. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆರೆದರು. ಯುದ್ಧದ ವರ್ಷಗಳಲ್ಲಿ ಅಲ್ಲಿ ಮಿತ್ರಪಡೆಗಳ ವಿಮಾನಗಳ ದುರಸ್ತಿ ನಡೆಯಿತು. ಕಲಬುರಗಿ ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನ 1945ರಲ್ಲಿ ಟಾಟಾ ಜೊತೆಗೂಡಿ ಡೆಕ್ಕನ್ ಏರ್‌ವೇಸ್ ಕಟ್ಟಿತು. 1953ರ ರಾಷ್ಟ್ರೀಕರಣದಲ್ಲಿ ಅದು ಇಂಡಿಯನ್ ಏರ್‌ಲೈನ್ಸ್‌ನೊಳಗೆ ಸೇರಿಹೋಯಿತು. ಈ ಕಾಲದಲ್ಲೆಲ್ಲ ತಪಾಸಣೆಯ ಪಾಠಶಾಲೆ ಎಂದರೆ ಹ್ಯಾಂಗರೇ.

1944ರ ಷಿಕಾಗೊ ಒಪ್ಪಂದ ಇದನ್ನು ಬದಲಿಸಿತು. ಒಂದು ದೇಶ ಕೊಟ್ಟ ಪರವಾನಗಿಯನ್ನು ಇನ್ನೊಂದು ದೇಶ ಒಪ್ಪಬೇಕಾದರೆ ಎರಡೂ ಕಡೆ ಒಂದೇ ಅಳತೆಗೋಲು ಇರಬೇಕು. 1947ರಲ್ಲಿ ಅಸ್ತಿತ್ವಕ್ಕೆ ಬಂದ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ಆ ಅಳತೆಗೋಲುಗಳನ್ನು ಒಂದೊಂದಾಗಿ ಬರೆದಿಟ್ಟಿತು. ಬರವಣಿಗೆ ಹೆಚ್ಚಿದಂತೆ ತಪಾಸಣಾಧಿಕಾರಿ ವಿಮಾನದ ಜೊತೆಗೆ ಕಾಗದಪತ್ರವನ್ನೂ ನೋಡತೊಡಗಿದ. ಇದು ಬೇಕಾಗಿದ್ದದ್ದೇ. ಆದರೆ ಕಾಗದ ಸರಿಯಿದ್ದರೆ ವಿಮಾನವೂ ಸರಿಯಿದೆ ಎಂಬ ನಂಬಿಕೆ ಎಷ್ಟು ದುಬಾರಿಯೆಂದು 1985ರಲ್ಲಿ ಗೊತ್ತಾಯಿತು. ಆ ವರ್ಷದ ಆಗಸ್ಟಿನಲ್ಲಿ ಜಪಾನ್ ಏರ್‌ಲೈನ್ಸ್‌ನ ಬೋಯಿಂಗ್ 747 ಬಿದ್ದು 520 ಜನ ಸತ್ತರು. ಏಳು ವರ್ಷ ಹಿಂದೆ ಬಾಲದ ಕಡೆಯ ಒತ್ತಡ ತಡೆಯುವ ಗೋಡೆಗೆ ಮಾಡಿದ್ದ ದುರಸ್ತಿ ತಪ್ಪಾಗಿತ್ತು. ನಡುವೆ ಆದ ಎಷ್ಟೋ ತಪಾಸಣೆಗಳಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. 1988ರಲ್ಲಿ ಹವಾಯಿಯ ಅಲೋಹಾ ಏರ್‌ಲೈನ್ಸ್ ವಿಮಾನದ ಚಾವಣಿ ಆಕಾಶದಲ್ಲೇ ಕಿತ್ತುಹೋದಾಗ ತನಿಖೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಪಾಸಣೆ ಮಾಡಿದವರು ಯಾವ ಸ್ಥಿತಿಯಲ್ಲಿ ಮಾಡಿದರು ಎಂದು ಕೇಳಿತು. ರಾತ್ರಿ ಪಾಳಿ, ಮಂದ ಬೆಳಕು, ಸಾಲುಸಾಲು ರಿವೆಟ್‌ಗಳನ್ನು ದಿಟ್ಟಿಸಿ ಬೇಸತ್ತ ಕಣ್ಣು ಇವೆಲ್ಲ ಪಾಠದ ವಿಷಯವಾದದ್ದು ಆಮೇಲೆ. ದಣಿವು, ಅವಸರ, ಮೇಲಿನವರ ಒತ್ತಡ ಇವನ್ನು ಗುರುತಿಸುವುದನ್ನೂ ಕಲಿಸಬೇಕಾಗಿ ಬಂದು, ಬೋಧಕನ ಕೆಲಸ ಒಮ್ಮೆಲೇ ದೊಡ್ಡದಾಯಿತು.

ನಮ್ಮ ನಾಡಿನಲ್ಲಿ ಈ ಪಾಠ ಕಲಿಸಿದ್ದು 1990ರ ಫೆಬ್ರುವರಿ 14. ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320 ವಿಮಾನ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ನೆಲಕ್ಕೆ ಬಿತ್ತು. 146 ಜನರಲ್ಲಿ 92 ಮಂದಿ ಸತ್ತರು. ಕಾಕ್‌ಪಿಟ್‌ನಲ್ಲಿದ್ದ ಇಬ್ಬರೂ ಕ್ಯಾಪ್ಟನ್‌ಗಳು. ಒಬ್ಬರನ್ನು ಇನ್ನೊಬ್ಬರು ಪರೀಕ್ಷಿಸುತ್ತಿದ್ದ ಹಾರಾಟ ಅದು. ಎಂಜಿನ್‌ಗಳು ಐಡಲ್‌ನಲ್ಲೇ, ಅಂದರೆ ಕನಿಷ್ಠ ಶಕ್ತಿಯಲ್ಲೇ, ಉಳಿದಿದ್ದವು, ವೇಗ ಕುಸಿಯುತ್ತಿತ್ತು, ಇಬ್ಬರೂ ಅದನ್ನು ಗಮನಿಸುವ ಹೊತ್ತಿಗೆ ತಡವಾಗಿತ್ತು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ನೇತೃತ್ವದಲ್ಲಿ ತನಿಖೆ ನಡೆಯಿತು. ಕಂಪ್ಯೂಟರ್ ಮೂಲಕ ಹಾರುವ ಆ ಮಾದರಿ ದೇಶಕ್ಕೆ ಬಂದು ಆಗ ಒಂದು ವರ್ಷವೂ ತುಂಬಿರಲಿಲ್ಲ. ಪರೀಕ್ಷೆ ಕೊಡುವವರಿಗೆ ಹೊಸದಾದ ಯಂತ್ರ ಪರೀಕ್ಷೆ ಮಾಡುವವರಿಗೂ, ಅವರಿಗೆ ಒಪ್ಪಿಗೆ ಕೊಡುವ ಇಲಾಖೆಗೂ ಹೊಸದೇ ಆಗಿರುತ್ತದೆ. ಹೊಸ ವಿಮಾನ ಬರುವ ಮೊದಲೇ ತಪಾಸಣಾಧಿಕಾರಿಗೆ ಅದರ ಪಾಠ ಆಗಬೇಕು, ಅದಕ್ಕೂ ಮೊದಲು ಅವನ ಬೋಧಕನಿಗೆ. ಈ ಸರದಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಆ ದಿನಕ್ಕಿಂತ ಬೇರೆ ಉದಾಹರಣೆ ಹುಡುಕಬೇಕಿಲ್ಲ.

ಅಲ್ಲಿಂದ ಮುಂದೆ ಒತ್ತಡ ಹೊರಗಿನಿಂದ ಬಂತು. 1992ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ, ತನ್ನ ದೇಶಕ್ಕೆ ಹಾರಿಬರುವ ದೇಶಗಳ ತಪಾಸಣಾ ವ್ಯವಸ್ಥೆಯನ್ನೇ ಅಳೆಯಲು ಶುರುಮಾಡಿತು. ಐಕಾವೊ 1999ರಿಂದ ಎಲ್ಲ ಸದಸ್ಯ ದೇಶಗಳ ಆಡಿಟ್ ಕೈಗೆತ್ತಿಕೊಂಡಿತು. ಅದು ಪಟ್ಟಿ ಮಾಡಿದ ಎಂಟು ಮುಖ್ಯ ಅಂಶಗಳಲ್ಲಿ ಒಂದು, ತರಬೇತಾದ ತಾಂತ್ರಿಕ ಸಿಬ್ಬಂದಿ. 2014ರ ಜನವರಿಯಲ್ಲಿ ಎಫ್‌ಎಎ ಭಾರತವನ್ನು ಎರಡನೇ ದರ್ಜೆಗೆ ಇಳಿಸಿತು. ಹಾರಾಟ ತಪಾಸಣೆಗೆ ಪೂರ್ಣಾವಧಿಯ ಅಧಿಕಾರಿಗಳು ಸಾಲದೆ, ವಿಮಾನ ಕಂಪನಿಗಳಿಂದಲೇ ಎರವಲು ಬಂದ ಪೈಲಟ್‌ಗಳನ್ನು ನೆಚ್ಚಿಕೊಂಡದ್ದು ಮುಖ್ಯ ಆಕ್ಷೇಪಗಳಲ್ಲೊಂದು. ಸರ್ಕಾರ ಹೊಸ ಹುದ್ದೆಗಳನ್ನು ಮಂಜೂರು ಮಾಡಿತು; 2015ರ ಏಪ್ರಿಲ್‌ನಲ್ಲಿ ದರ್ಜೆ ಮರಳಿತು. ಐಕಾವೊ ಆಡಿಟ್‌ನಲ್ಲಿ 2018ರಲ್ಲಿ ಶೇ 70ರಷ್ಟಿದ್ದ ಅಂಕ 2022ರ ಆಡಿಟ್‌ನಲ್ಲಿ ಶೇ 85 ದಾಟಿತು. ಇದು ನಿಜವಾದ ಸಾಧನೆ. ಆದರೂ 2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ವಿಮಾನ ಬಿದ್ದು 260 ಜೀವ ಹೋದ ಮೇಲೆ ಸಂಸದೀಯ ಸ್ಥಾಯಿ ಸಮಿತಿ ವಿಮಾನ ಸುರಕ್ಷತೆಯನ್ನು ಪರಿಶೀಲಿಸಿದಾಗ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಮಂಜೂರಾದ ಹುದ್ದೆಗಳಲ್ಲಿ ಸುಮಾರು ಅರ್ಧ ಖಾಲಿ ಎಂಬುದು ಮತ್ತೆ ಎದ್ದುಕಂಡಿತು. ಚರ್ಚೆಯೆಲ್ಲ ಆ ಖಾಲಿ ಹುದ್ದೆಗಳ ಸುತ್ತಲೇ ನಡೆಯಿತು. ನಾಳೆ ಅಷ್ಟೂ ಹುದ್ದೆ ತುಂಬಿತೆಂದೇ ಇಟ್ಟುಕೊಳ್ಳೋಣ: ಒಂದೇ ವರ್ಷದಲ್ಲಿ ಬಂದು ಸೇರುವ ನೂರಾರು ಹೊಸಬರ ಜೊತೆ ವಿಮಾನದ ಪಕ್ಕ ನಿಂತು ಕಲಿಸಲು ಯಾರಿದ್ದಾರೆ? ಇರುವ ಅನುಭವಿಗಳ ದಿನವೆಲ್ಲ ತಪಾಸಣೆಯಲ್ಲೇ ಕಳೆಯುತ್ತದೆ. ಹುದ್ದೆ ಮಂಜೂರು ಮಾಡಲು ಒಂದು ಆದೇಶ ಸಾಕು, ಬೋಧಕನೊಬ್ಬ ತಯಾರಾಗಲು ಹತ್ತಾರು ವರ್ಷ ಬೇಕು.

ಐಕಾವೊ ಹೇಳುವ ಕ್ರಮ ಸರಳವಾಗಿದೆ. ತರಗತಿಯ ಪಾಠವಾದ ಮೇಲೆ ಹೊಸಬರು ಮೊದಲು ಹಿರಿಯರು ಮಾಡುವುದನ್ನು ನೋಡಬೇಕು, ಆಮೇಲೆ ಹಿರಿಯರ ಕಣ್ಣೆದುರು ತಾವು ಮಾಡಬೇಕು, ಕೊನೆಗೆ ಒಬ್ಬರೇ ಮಾಡಬೇಕು. ದೆಹಲಿಯ ಭಾರತೀಯ ವಿಮಾನಯಾನ ಅಕಾಡೆಮಿಯಲ್ಲಿ ತರಗತಿಯ ಭಾಗ ನಡೆಯಬಲ್ಲದು. ಉಳಿದ ಮೂರಕ್ಕೆ ವಿಮಾನ ಬೇಕು. ಪೈಲಟ್ ತರಬೇತಿ ಶಾಲೆಯ ಒಂದು ಬೆಳಿಗ್ಗೆಯನ್ನೇ ತೆಗೆದುಕೊಳ್ಳಿ. ಸೆಸ್ನಾ 172ರಂಥ ವಿಮಾನ ಹಾರುವ ಮೊದಲು ರೆಕ್ಕೆಯಡಿಯ ಕಿಂಡಿಗಳಿಂದ ಚೂರುಚೂರು ಪೆಟ್ರೋಲ್ ಬಸಿದು, ಗಾಜಿನಂಥ ಲೋಟದಲ್ಲಿ ಬೆಳಕಿಗೆ ಹಿಡಿದು ನೋಡುತ್ತಾರೆ. ಇಂಧನ ತಿಳಿನೀಲಿ ಇರಬೇಕು. ತಳದಲ್ಲಿ ನೀರಿನ ಗುಳ್ಳೆ ಕಂಡರೆ ಮತ್ತೆ ಬಸಿಯಬೇಕು. ಚೆಕ್‌ಲಿಸ್ಟ್ ಹಿಡಿದ ಹೊಸ ತಪಾಸಣಾಧಿಕಾರಿ ‘ಬಸಿದರು’ ಎಂದು ಗುರುತು ಹಾಕಿ ಮುಂದೆ ಹೋಗುತ್ತಾನೆ. ಒಳ್ಳೆಯ ಬೋಧಕ ಅಲ್ಲಿ ಅವನನ್ನು ನಿಲ್ಲಿಸಿ ಕೇಳುತ್ತಾನೆ: ಎಲ್ಲ ಕಿಂಡಿಗಳಿಂದಲೂ ಬಸಿದರೇ, ಕೈಗೆಟುಕುವ ಎರಡರಿಂದಲೋ? ವಿದ್ಯಾರ್ಥಿ ಲೋಟವನ್ನು ನಿಜಕ್ಕೂ ನೋಡಿದನೇ, ಎತ್ತಿ ಚೆಲ್ಲಿದನೇ? ಆಮೇಲೆ ಇಬ್ಬರೂ ವಿಮಾನದ ದೋಷ, ದುರಸ್ತಿ ಬರೆದಿಡುವ ಟೆಕ್ ಲಾಗ್ ತೆರೆಯುತ್ತಾರೆ. ದಿನವಿಡೀ ಹಾರುವ, ಕಲಿಯುವವರ ಕೈಯಲ್ಲಿ ಗಟ್ಟಿಯಾಗಿ ನೆಲಕ್ಕೆ ಬಡಿಯುವ ವಿಮಾನದ ಪುಸ್ತಕದಲ್ಲಿ ತಿಂಗಳಿಡೀ ಒಂದೂ ಸ್ನ್ಯಾಗ್, ಅಂದರೆ ದೋಷ, ಬರೆದಿಲ್ಲವೆಂದರೆ ಹೊಸಬನಿಗೆ ಅದು ಅಚ್ಚುಕಟ್ಟಾಗಿ ಕಾಣುತ್ತದೆ. ಬೋಧಕನಿಗೆ ಅನುಮಾನ ಬರುವುದೇ ಅಲ್ಲಿ. ಟೈರ್ ಸವೆದಿದೆ, ಬ್ರೇಕ್ ಪ್ಯಾಡ್ ಹೊಸದಾಗಿದೆ. ಹಾಗಾದರೆ ಬದಲಿಸಿದ್ದು ಯಾವಾಗ, ಬರೆದದ್ದು ಎಲ್ಲಿ? ಬರೆದರೆ ವಿಮಾನ ನಿಲ್ಲುತ್ತದೆ, ನಿಂತರೆ ವಿದ್ಯಾರ್ಥಿಗಳ ಗಂಟೆ ನಿಲ್ಲುತ್ತದೆ, ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ 200 ಗಂಟೆ ಮುಂದಕ್ಕೆ ಹೋಗುತ್ತದೆ ಎಂಬ ಒತ್ತಡ ಆ ಖಾಲಿ ಪುಟದ ಹಿಂದೆ ಇರಬಹುದು. ಈ ಸಂಶಯವನ್ನು ಯಾವ ಸ್ಲೈಡಿನಲ್ಲೂ ತೋರಿಸಲಾಗದು.

ಕಲಬುರಗಿ ಇದಕ್ಕೆ ತಕ್ಕುದಾದ ಜಾಗವೇಕೆ ಎಂದರೆ, ಇಲ್ಲಿ ಎಲ್ಲವೂ ಕಣ್ಣಳತೆಯಲ್ಲಿದೆ. ದೊಡ್ಡ ನಿಲ್ದಾಣದಲ್ಲಿ ರನ್‌ವೇ ನೋಡುವವರು, ವಿಮಾನ ನೋಡುವವರು, ಪೈಲಟ್‌ಗಳನ್ನು ಪರೀಕ್ಷಿಸುವವರು ಬೇರೆ ಬೇರೆ ಕಟ್ಟಡಗಳಲ್ಲಿರುತ್ತಾರೆ. ಒಬ್ಬರ ತಪ್ಪು ಇನ್ನೊಬ್ಬರಿಗೆ ಹೇಗೆ ತಗಲುತ್ತದೆ ಎಂಬುದು ಹೊಸಬರಿಗೆ ಕಾಣುವುದೇ ಇಲ್ಲ. ಇಲ್ಲಿ ರನ್‌ವೇ ಅಂಚಿನ ಹುಲ್ಲು, ಅದರಲ್ಲಿನ ಹಕ್ಕಿ, ಇಂಧನದ ಬೌಸರ್, ಹ್ಯಾಂಗರ್, ಟವರ್ ಎಲ್ಲವನ್ನೂ ಒಂದೇ ದಿನ ನಡೆದು ನೋಡಬಹುದು. ಬೇಸಿಗೆಯಲ್ಲಿ ತಾಪ 42 ಡಿಗ್ರಿ ದಾಟುವ ಊರಿದು. ಬಿಸಿಗಾಳಿ ತೆಳುವಾದಾಗ ಸಣ್ಣ ವಿಮಾನ ಮೇಲೇಳಲು ಹೆಚ್ಚು ಓಡುತ್ತದೆ, ಎಂಜಿನ್ ಶಕ್ತಿ ತಗ್ಗುತ್ತದೆ. ಕಪ್ಪುಮಣ್ಣಿನ ಧೂಳು ಏರ್ ಫಿಲ್ಟರನ್ನು ಬೇಗ ಕಟ್ಟಿಸುತ್ತದೆ. ಕೈಪಿಡಿಯಲ್ಲಿ ಒಂದು ಕೋಷ್ಟಕವಾಗಿರುವ ವಿಷಯ ಇಲ್ಲಿ ಮೇ ತಿಂಗಳ ಮಧ್ಯಾಹ್ನ ಕಣ್ಣಿಗೆ ಕಾಣುತ್ತದೆ. ತರಬೇತಿ ವಿಮಾನಗಳ ಅಪಾಯವೂ ಕಲ್ಪನೆಯದಲ್ಲ: 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನವೊಂದು ಹೊನ್ನಿಹಾಳದ ಹೊಲದಲ್ಲಿ ತುರ್ತಾಗಿ ಇಳಿಯಿತು. ಕಮಲಾಪುರ, ಚಿತ್ತಾಪುರ, ಸೇಡಂ ಕಡೆಯ ಹೊಲಗಳಲ್ಲಿ ದುಡಿಯುವವರಿಗೂ ಈ ತಪಾಸಣೆಯಲ್ಲಿ ಪಾಲಿದೆ, ಅವರು ಎಂದೂ ವಿಮಾನ ಹತ್ತದಿದ್ದರೂ.

ಈ ವಾದಕ್ಕೆ ಆಕ್ಷೇಪಗಳಿವೆ. ಒಂದೇ ಎಂಜಿನ್ನಿನ ಪುಟ್ಟ ವಿಮಾನ ನೋಡಿ ಕಲಿತವರು ಬೋಯಿಂಗ್ 787ರ ತಪಾಸಣೆಗೆ ಏನು ಪ್ರಯೋಜನ ಎಂಬುದು ಮೊದಲನೆಯದು. ಇದರಲ್ಲಿ ಹುರುಳಿದೆ; ದೊಡ್ಡ ಮಾದರಿಗಳಿಗೆ ಆಯಾ ಮಾದರಿಯ ತರಬೇತಿ ಆಗಲೇಬೇಕು, 1990ರ ಪಾಠವೂ ಅದೇ. ಆದರೆ ದಾಖಲೆಗೂ ಲೋಹಕ್ಕೂ ಇರುವ ಅಂತರ ಗುರುತಿಸುವುದು, ಮೆಕ್ಯಾನಿಕ್ ಜೊತೆ ಮಾತಾಡಿ ಅವನ ಭಯ ಅರಿಯುವುದು, ಒಬ್ಬ ಮಾಲೀಕನ ಎದುರು ‘ಇದು ಹಾರಬಾರದು’ ಎಂದು ಬರೆದು ಸಹಿ ಹಾಕುವುದು ಇವು ಮಾದರಿಗೆ ಅಂಟಿದ ವಿದ್ಯೆಗಳಲ್ಲ. ಎರಡನೆಯ ಆಕ್ಷೇಪ, ಈಗ ಹಾರಾಟದ ದತ್ತಾಂಶವೆಲ್ಲ ಕಂಪ್ಯೂಟರಿಗೆ ಬರುತ್ತದೆ, ಅಪಾಯ ಹೆಚ್ಚಿರುವ ಕಡೆ ಅದೇ ಬೊಟ್ಟು ಮಾಡುತ್ತದೆ, ಕಣ್ಣಿನ ತಪಾಸಣೆ ಹಳೆಯ ಮಾತು ಎಂಬುದು. ದತ್ತಾಂಶ ಬೇಕೇ ಬೇಕು. ಆದರೆ ಬರೆಯದೆ ಬಿಟ್ಟ ಸ್ನ್ಯಾಗ್ ಕಂಪ್ಯೂಟರಿಗೆ ಬರುವುದಿಲ್ಲ. ಅಲ್ಲಿ ಆ ವಿಮಾನ ಎಲ್ಲಕ್ಕಿಂತ ಆರೋಗ್ಯವಾಗಿ ತೋರುತ್ತದೆ. ನನಗೆ ಗಟ್ಟಿಯೆನಿಸುವುದು ಮೂರನೆಯದು: ಅರ್ಧ ಹುದ್ದೆ ಖಾಲಿ ಇರುವಾಗ ಇರುವ ಅನುಭವಿಗಳನ್ನು ಪಾಠಕ್ಕೆ ಕಳಿಸಿದರೆ ಇಂದಿನ ತಪಾಸಣೆ ಯಾರು ಮಾಡಬೇಕು? ಇದಕ್ಕೆ ನೋವಿಲ್ಲದ ಉತ್ತರವಿಲ್ಲ. ನಿವೃತ್ತ ತಪಾಸಣಾಧಿಕಾರಿಗಳನ್ನೂ, ಬೀದರ್ ಮತ್ತು ಜಾಲಹಳ್ಳಿಯಂಥ ವಾಯುಪಡೆಯ ನೆಲೆಗಳಲ್ಲಿ ದುಡಿದು ಹೊರಬಂದ ತಾಂತ್ರಿಕರನ್ನೂ ಬೋಧನೆಗೆಂದೇ ನೇಮಿಸಿಕೊಂಡರೆ ಭಾರ ಹಂಚಿಹೋದೀತು. 1998ರಲ್ಲಿ ಐಕಾವೊ ನೆರವಿನಿಂದ ದಕ್ಷಿಣ ಏಷ್ಯಾದ ದೇಶಗಳು ಸೇರಿ ನಡೆಸಿದ ಕಾಸ್ಕ್ಯಾಪ್ ಯೋಜನೆಯೂ ಹೀಗೆ ತಜ್ಞರನ್ನು ಹಂಚಿಕೊಳ್ಳುವ ಪ್ರಯತ್ನವೇ. ಇಂದಿನ ಕೊರತೆಯ ನೆಪದಲ್ಲಿ ಬೋಧನೆಯನ್ನು ಮುಂದೂಡಿದರೆ ಹತ್ತು ವರ್ಷದ ಮೇಲೂ ಇದೇ ಕೊರತೆಯ ಮಾತಾಡುತ್ತಿರುತ್ತೇವೆ.

ಇನ್ನೊಂದು ಮಾತು ನೇರವಾಗಿ ಈ ಭಾಗದ್ದು. ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜು 1958ರಿಂದ ಎಂಜಿನಿಯರುಗಳನ್ನು ಕೊಡುತ್ತಿದೆ. 371(ಜೆ) ವಿಧಿ ಕಲ್ಯಾಣ ಕರ್ನಾಟಕದ ಯುವಕರಿಗೆ ರಾಜ್ಯದ ನೌಕರಿಯಲ್ಲಿ ಪಾಲು ಕೊಟ್ಟಿತು. ವಿಮಾನ ತಪಾಸಣೆಯ ಹುದ್ದೆಗಳು ಕೇಂದ್ರದವು, ಅಲ್ಲಿ ಆ ವಿಧಿ ನಡೆಯದು. ಹಾಗಾಗಿ ಕಮಲಾಪುರದ ಹುಡುಗಿಯೊಬ್ಬಳು ಈ ಕೆಲಸಕ್ಕೆ ಹೋಗಬೇಕಾದರೆ ಇಂಥ ಕೆಲಸವೊಂದಿದೆ ಎಂದು ಮೊದಲು ಅವಳ ಕಿವಿಗೆ ಬೀಳಬೇಕು. ಡಿಜಿಸಿಎ ಮತ್ತು ಪ್ರಾಧಿಕಾರ ಸೇರಿ ಶ್ರೀನಿವಾಸ ಸರಡಗಿಯಲ್ಲಿ ತಪಾಸಣಾಧಿಕಾರಿಗಳ ಕ್ಷೇತ್ರ ತರಬೇತಿಗೆ ಒಂದು ಕಾಯಂ ಘಟಕ ತೆರೆಯಲಿ, ಅಲ್ಲಿ ಬೋಧಕರಿಗೆಂದೇ ಹುದ್ದೆ ಇರಲಿ, ಪಿಡಿಎಯಂಥ ಕಾಲೇಜುಗಳ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಅದರ ಬಾಗಿಲು ತೆರೆದಿರಲಿ. ಕಲಬುರಗಿ, ಬೀದರ್‌ಗಳ ಸಂಸದರು ವಿಮಾನಯಾನ ಸಚಿವಾಲಯದ ಮುಂದೆ ಹೊಸ ಮಾರ್ಗ ಕೇಳುವಾಗ ಈ ಘಟಕವನ್ನೂ ಕೇಳಬೇಕು.