ಆರು ರನ್, ಐದು ವಿಕೆಟ್: ಆದ್ರೂ ಜಾಗ ಯಾಕೆ ಗಟ್ಟಿಯಾಗ್ಲಿಲ್ಲ?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಮುಂಡರಗಿ, ಎಲ್ಲೇ ಹೋಗ್ರಿ, ಐಪಿಎಲ್ ಹೊತ್ತಿಗೆ ಚಹಾದಂಗಡಿ ಮುಂದೆ ಒಂದೇ ಜಗಳ: ಯಾರನ್ನ ಉಳಿಸ್ಕೋಬೇಕು, ಯಾರನ್ನ ಬಿಡಬೇಕು? ಈ ಪ್ರಶ್ನೆಗೆ ಗದಗದಲ್ಲೇ ಒಂದು ಹಳೇ ಕಥೆ ಇದೆ: ಸುನೀಲ್ ಜೋಶಿ.

1970ರಲ್ಲಿ ಗದಗದಲ್ಲಿ ಹುಟ್ಟಿದವರು. ಬೆಳಗ್ಗೆ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮಾಡಿ, ಶಾಲೆ ಹೊತ್ತಿಗೆ ಊರಿಗೆ ವಾಪಸ್. 1995-96ರ ರಣಜಿಯಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್. ಕಪ್ ಕರ್ನಾಟಕಕ್ಕೇ ಬಂತು. 1996ರಲ್ಲಿ ಇಂಗ್ಲೆಂಡಿನಲ್ಲಿ ಟೆಸ್ಟ್ ಕ್ಯಾಪೂ ಸಿಕ್ತು.

ಆದ್ರೆ ತಂಡದ ಮೊದಲ ಸ್ಪಿನ್ನರ್ ನಮ್ಮವರೇ ಆದ ಅನಿಲ್ ಕುಂಬ್ಳೆ. ಜೋಶಿಗೆ ಉಳಿದದ್ದು ಎರಡನೇ ಸ್ಪಿನ್ನರ್ ಜಾಗ. ಪಿಚ್ ವೇಗಕ್ಕೆ ಒಲಿದ್ರೆ ಮೊದಲು ಖಾಲಿಯಾಗೋದು ಅದೇ ಕುರ್ಚಿ.

1999ರ ಸೆಪ್ಟೆಂಬರ್ 26, ನೈರೋಬಿ. ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್! ಎದುರಾಳಿ 117ಕ್ಕೆ ಆಲೌಟ್. ಮರುವರ್ಷ ಢಾಕಾ ಟೆಸ್ಟಿನಲ್ಲಿ ಬ್ಯಾಟಿನಿಂದ 92, ಪಂದ್ಯಶ್ರೇಷ್ಠ.

2001ರಲ್ಲಿ ಹರ್ಭಜನ್ ಆಸ್ಟ್ರೇಲಿಯಾ ವಿರುದ್ಧ ಮೂರು ಟೆಸ್ಟಿನಲ್ಲಿ 32 ವಿಕೆಟ್ ಕಿತ್ತರು. ಎರಡನೇ ಕುರ್ಚಿಯೂ ತುಂಬಿತು. ಜೋಶಿ ಲೆಕ್ಕ 15 ಟೆಸ್ಟ್, 69 ಏಕದಿನಕ್ಕೆ ನಿಂತಿತು.

2020ರ ಮಾರ್ಚ್‌ನಲ್ಲಿ ಅದೇ ಜೋಶಿ ಆಯ್ಕೆ ಸಮಿತಿ ಅಧ್ಯಕ್ಷರಾದರು. ಹೊರಗೆ ಕೂತವರ ಸಂಕಟ ಗೊತ್ತಿದ್ದವರು ಆಗ ಹೆಸರು ಬರೆಯೋ ಜಾಗದಲ್ಲಿ ಕೂತಿದ್ದರು.

ಮುಂದಿನ ಸಲ ಜಗಳ ಶುರುವಾದ್ರೆ ಅಂಕಿಅಂಶ ಅಷ್ಟೇ ನೋಡಬ್ಯಾಡ್ರಿ. ಅದೇ ಕೆಲಸಕ್ಕೆ ತಂಡದಲ್ಲಿ ಇನ್ಯಾರಿದ್ದಾರೆ, ಅದನ್ನೂ ಕೇಳ್ರಿ.